ಗೆಣ್ಣು ಎಣಿಸಿ ಮಾಡಿದ ಲೇಬಲ್

ನನ್ನ ಮೇಜಿನ ಮೇಲೆ ಒಂದು ಕಬ್ಬಿನ ಜಲ್ಲೆ ಇದೆ. ಒಣಗಿ ಹಗುರಾಗಿದೆ, ಬಣ್ಣವೂ ಹೋಗಿದೆ. ಗೆಣ್ಣುಗಳು ಮಾತ್ರ ಹಾಗೇ ಇವೆ. ಪ್ರತಿ ಗೆಣ್ಣಿನ ಪಕ್ಕ ಪೆನ್ಸಿಲಿನಲ್ಲಿ ನಾನೇ ಅಳತೆ ಬರೆದಿದ್ದೇನೆ. ಒಂದು ಮದ್ಯದ ಬಾಟಲಿಗೆ ಲೇಬಲ್ ಮಾಡಲು ಹೊರಟವಳು ಈ ಜಲ್ಲೆಯ ಹತ್ತಿರ ಬಂದಿದ್ದು ಹೇಗೆ ಅಂತ ಹೇಳುತ್ತೇನೆ.

ನಾನು ಬೀದರಿನವಳು. ಚೌಬಾರಾ ಗೋಪುರದಿಂದ ಸ್ವಲ್ಪ ದೂರದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು ಡಿಸೈನ್ ಕೆಲಸ ಮಾಡುತ್ತೇನೆ. ಲಗ್ನಪತ್ರಿಕೆ, ಅಂಗಡಿ ಬೋರ್ಡು, ತೊಗರಿಬೇಳೆ ಚೀಲ ಇವೇ ಜಾಸ್ತಿ. ಹೋದ ಸುಗ್ಗಿಗೆ ಮುಂಚೆ ಭಾಲ್ಕಿ ಕಡೆಯ ಇಬ್ಬರು ಅಣ್ಣತಮ್ಮಂದಿರು ಬಂದರು. ಅವರ ಬೆಲ್ಲದ ಡಬ್ಬಿಯನ್ನು ನಾನೇ ಮಾಡಿಕೊಟ್ಟಿದ್ದೆ. ಅಣ್ಣ ಕುರ್ಚಿ ಎಳೆದುಕೊಂಡು ಕೂತು, "ಅಕ್ಕಾರ, ಒಂದು ಹೊಸ ಕೆಲಸ ಅದ. ಬ್ಯಾಡ ಅನ್ನೋದಿದ್ರ ಅನ್ರಿ, ಆದ್ರ ಮೊದಲ ಪೂರ್ತಿ ಕೇಳ್ರಿ" ಅಂದರು.

ಕೆಲಸ ಇಷ್ಟು. ಅವರದು ಸ್ವಂತ ಗಾಣ. ಆ ಬೆಲ್ಲದಿಂದಲೇ ಭಟ್ಟಿ ಇಳಿಸಿದ ಮದ್ಯ ತರಬೇಕು ಅನ್ನುವ ಆಸೆ. ಪರವಾನಗಿ ಇರುವ ಒಂದು ಡಿಸ್ಟಿಲರಿಯ ಜೊತೆ ಮಾತುಕತೆ ಮುಗಿದಿತ್ತು. ನಮ್ಮ ದೇಶದಲ್ಲಿ ರಮ್ ಅಂತ ಮಾರುವುದು ಬಹುಮಟ್ಟಿಗೆ ಕಾಕಂಬಿಯಿಂದ ಬಂದದ್ದು. ಅಂದರೆ ಸಕ್ಕರೆ ತೆಗೆದ ಮೇಲೆ ಕಾರ್ಖಾನೆಯಲ್ಲಿ ಉಳಿಯುವ ಕಪ್ಪು ಪಾಕದಿಂದ. ಸಕ್ಕರೆ ತೆಗೆಯದ ಕಬ್ಬಿನ ರಸದಿಂದಲೇ ಮಾಡುವುದೂ ಉಂಟು. ಬ್ರೆಜಿಲಿನ ಕಶಾಸಾ ಹಾಗೆ ಮಾಡಿದ್ದು. ಇವರದು ಬೆಲ್ಲದ್ದು. ರಸದ ಎಲ್ಲಾ ಸಿಹಿಯೂ ಅದರಲ್ಲಿ ಇರುತ್ತದೆ.

ತಕ್ಷಣ ಒಪ್ಪಲಿಲ್ಲ. ಸಂಜೆ ಮನೆಯಲ್ಲಿ ಆಯಿಗೆ ಹೇಳಿದೆ. ಆಯಿ ಜೋಳ ಹಸನು ಮಾಡುತ್ತಿದ್ದವಳು ಮೊರ ಕೆಳಗಿಟ್ಟು, "ಬೆಲ್ಲದ ಶೆರಿ ಅಂದ್ರ ಗುಡುಂಬಾ ಅಲ್ಲೇನ?" ಅಂತ ಕೇಳಿದಳು. ತೆಲಂಗಾಣದ ಗಡಿಯಲ್ಲಿ ಬೆಳೆದ ನಮಗೆ ಆ ಹೆಸರು ಚೆನ್ನಾಗಿ ಗೊತ್ತು. ಕೆಟ್ಟ ಕಪ್ಪು ಬೆಲ್ಲ ಕೊಳೆಹಾಕಿ ಹೊಲದ ಬದುವಿನಲ್ಲಿ ಇಳಿಸುವ ಕಳ್ಳಭಟ್ಟಿ ಅದು. ಬೇಗ ಹುಳಿ ಬರಲಿ ಅಂತ ಅದಕ್ಕೆ ನವಸಾಗರ ಅನ್ನುವ ಉಪ್ಪು ಹಾಕುತ್ತಾರೆ. ಅದರಿಂದ ಹಾಳಾದ ಮನೆಗಳನ್ನು ಆಯಿ ಎಷ್ಟೋ ನೋಡಿದ್ದಾಳೆ. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾದಾಗ ನಮ್ಮ ಓಣಿಯ ಹೆಂಗಸರು ಒಬ್ಬರಿಗೊಬ್ಬರು ಸಕ್ಕರೆ ಕೊಟ್ಟಿದ್ದನ್ನು ಆಯಿ ಇವತ್ತಿಗೂ ಹೇಳುತ್ತಾಳೆ.

ಆಯಿಯ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಬೆಲ್ಲದ ಮದ್ಯಕ್ಕೆ "ಪರಂಪರೆ" ಅಂತ ಬರೆಯಬೇಕಾದರೆ ಈ ಕಳ್ಳಭಟ್ಟಿಯೂ ಅದೇ ಪರಂಪರೆಯೊಳಗೇ ಬರುತ್ತದೆ. ಅದನ್ನು ಬಚ್ಚಿಟ್ಟು ಬರೀ ಚಿನ್ನದ ಬಣ್ಣ ಬಳಿಯುವುದು ನನ್ನಿಂದಾಗದು. ಎರಡು ದಿನ ಬಿಟ್ಟು ಅಣ್ಣನಿಗೆ ಫೋನ್ ಮಾಡಿ, "ಲೇಬಲ್ ಮೇಲೆ ಸುಳ್ಳು ಇರಬಾರದು. ಅಷ್ಟು ಒಪ್ಪಿದರೆ ಮಾಡುತ್ತೇನೆ" ಅಂದೆ. ಅವರು ಒಪ್ಪಿದರು. ಎಷ್ಟು ಸುಳ್ಳು ತಾನಾಗಿಯೇ ಒಳಗೆ ಬರುತ್ತದೆ ಅನ್ನುವುದು ಆಗ ನಮಗ್ಯಾರಿಗೂ ಗೊತ್ತಿರಲಿಲ್ಲ.

ಮೊದಲನೆಯದು ರಾಜರದು. ಇಬ್ಬರಲ್ಲಿ ಚಿಕ್ಕವರು, ಅಂದರೆ ತಮ್ಮ, ಹಾಳೆ ತುಂಬ ಬರೆದುಕೊಂಡು ಬಂದಿದ್ದರು: ಕೋಟೆ, ಆನೆ, ಕಮಾನು, "ಕಲ್ಯಾಣಿ ಚಾಲುಕ್ಯರ ಕಾಲದ ಪಾನೀಯ". ಆಸೆ ತಪ್ಪಲ್ಲ. ಮೂರನೆಯ ಸೋಮೇಶ್ವರ ನಮ್ಮ ಬಸವಕಲ್ಯಾಣದಿಂದ ಆಳಿದವನು, 12ನೇ ಶತಮಾನದವನು. ಅವನ ಮಾನಸೋಲ್ಲಾಸ ಅನ್ನುವ ಗ್ರಂಥದಲ್ಲಿ ಊಟದ ವಿವರದ ಜೊತೆ ಪಾನೀಯಗಳ ವಿವರವೂ ಇದೆ. ಬೆಲ್ಲದ ಮದ್ಯಕ್ಕೆ ಸಂಸ್ಕೃತದಲ್ಲಿ ಗೌಡಿ ಅಂತಲೇ ಹೆಸರಿದೆ. ಗುಡ ಅಂದರೆ ಬೆಲ್ಲ, ಗುಡದಿಂದ ಬಂದದ್ದು ಗೌಡಿ. ಇಷ್ಟು ಓದಿ ನನಗೂ ಖುಷಿಯಾಯಿತು. ಆದರೆ ಅದನ್ನು ಹೆಸರಿಸುವ ಧರ್ಮಶಾಸ್ತ್ರ ಕುಡಿಯಬಾರದು ಅಂತಲೇ ಹೆಸರಿಸಿದೆ. ಅಲ್ಲದೆ ಆ ರಾಜನ ಬಟ್ಟಲಲ್ಲಿದ್ದದ್ದೂ ಈ ಬಾಟಲಿಯಲ್ಲಿರುವುದೂ ಒಂದೇ ಅಂತ ಹೇಳಲು ನಮ್ಮ ಕೈಯಲ್ಲಿ ಏನೂ ಇಲ್ಲ. ಆ ಸಾಲು ಹೊಡೆದು ಹಾಕಿದೆವು.

ಆಮೇಲೆ ತಮ್ಮ "ಕಲ್ಯಾಣ" ಅಂತಲೇ ಹೆಸರಿಡೋಣ ಅಂದರು. ನಾನು ಬೇಡವೇ ಬೇಡ ಅಂದೆ. ಅದು ಶರಣರ ಊರು. "ಹೆಂಡದ ಮಾರಯ್ಯನೂ ಶರಣನೇ ಅಲ್ರಿ?" ಅಂತ ಅವರು ಕೇಳಿದರು. ಹೌದು, ಶರಣರೇ. ಹೆಂಡದ ಕಸುಬಿನ ಮಾತನ್ನೇ ಹಿಡಿದು ವಚನ ಹೇಳಿದವರು. ಅವರು ಕಸುಬಿನಿಂದ ಭಕ್ತಿಗೆ ಕರೆದೊಯ್ದ ಮಾತನ್ನು ನಾವು ಮತ್ತೆ ಹೆಂಡಕ್ಕೆ ಎಳೆದು ತರುವುದು ಸರಿಯಲ್ಲ. ಅಣ್ಣ ತಲೆಯಾಡಿಸಿದರು. ಆ ಮಾತು ಅಲ್ಲಿಗೇ ಮುಗಿಯಿತು.

ಉಳಿದದ್ದು ಬಿದ್ರಿ, ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವ ನಮ್ಮೂರಿನ ಕುಸುರಿ. ಇದು ನನ್ನದೇ ಆಸೆ. ಕಪ್ಪು ಬಾಟಲಿ, ಅದರ ಮೇಲೆ ಬೆಳ್ಳಿ ಬಳ್ಳಿ. ನಮ್ಮ ಕೋಟೆಯ ರಂಗೀನ ಮಹಲಿನಲ್ಲಿ ಕರಿಕಲ್ಲಿನೊಳಗೆ ಕೂರಿಸಿದ ಮುತ್ತಿನ ಚಿಪ್ಪು ನೋಡಿದವರಿಗೆ ಕಪ್ಪಿನ ಮೇಲೆ ಬಿಳುಪು ಎಷ್ಟು ಚಂದ ಅಂತ ಹೇಳಬೇಕಿಲ್ಲ. ಒಂದು ವಾರ ಕೂತು ಬಿದ್ರಿ ಹೂಬಳ್ಳಿಯ ಲೇಬಲ್ ಬಿಡಿಸಿದೆ. ಬೆಳ್ಳಿ ಫಾಯಿಲ್, ಕರಿ ಕಾಗದ. ಅದನ್ನು ತೆಗೆದುಕೊಂಡು ನನಗೆ ಪರಿಚಯದ ಒಬ್ಬ ಬಿದ್ರಿ ಉಸ್ತಾದರ ಹತ್ತಿರ ಹೋದೆ.

ಅವರು ಆಗ ಒಂದು ಸಣ್ಣ ತಟ್ಟೆಗೆ ತಂತಿ ಕೂರಿಸುತ್ತಿದ್ದರು. ಬಿದ್ರಿ ಕೆಲಸ ಹತ್ತಿರದಿಂದ ನೋಡಬೇಕು. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಮರಳಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಅರ ಹಾಕಿ ಉಜ್ಜಿ, ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡುತ್ತಾರೆ. ಚಿತ್ರ ಕಾಣಲಿ ಅಂತ. ಉಳಿಯಿಂದ ಗೆರೆ ಕೊರೆದು, ಆ ಗೆರೆಯೊಳಗೆ ಕೂದಲಿನಂಥ ಬೆಳ್ಳಿ ತಂತಿಯಿಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾರೆ. ಕೊನೆಗೆ ಕೋಟೆಯ ಮಣ್ಣು. ಬಿಸಿಲು ಮಳೆ ಕಾಣದ ಜಾಗದ ಮಣ್ಣು ಅದು. ನಾಲಿಗೆಗೆ ಹಚ್ಚಿ ರುಚಿ ನೋಡಿಯೇ ಆರಿಸುತ್ತಾರೆ. ಆ ಮಣ್ಣಿಗೆ ನವಸಾಗರ ಬೆರೆಸಿ ನೀರಲ್ಲಿ ಕುದಿಸಿ, ಸಾಮಾನನ್ನು ಅದರಲ್ಲಿ ಅದ್ದಿದರೆ ಸತುವು ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಿಯಾಗೇ ಉಳಿಯುತ್ತದೆ.

ನವಸಾಗರ! ಆಯಿ ಬೈದ ಗುಡುಂಬಾದಲ್ಲಿರುವುದೂ ಅದೇ ಉಪ್ಪು. ಒಂದೇ ಊರಿನ ಒಂದೇ ಪುಡಿ ಒಂದು ಕೈಯಲ್ಲಿ ಬೆಳ್ಳಿಗೆ ಹೊಳಪು ತರುತ್ತದೆ, ಇನ್ನೊಂದು ಕೈಯಲ್ಲಿ ಮನೆ ಹಾಳು ಮಾಡುತ್ತದೆ. ಅಲ್ಲೇ ಕೂತು ಎಷ್ಟೋ ಹೊತ್ತು ಆ ಕರಿ ನೀರನ್ನೇ ನೋಡಿದೆ.

ಉಸ್ತಾದರು ನನ್ನ ಲೇಬಲನ್ನು ಕೈಯಲ್ಲಿ ಹಿಡಿದು, ಹೆಬ್ಬೆರಳಿನಿಂದ ಫಾಯಿಲ್ ಸವರಿದರು. "ಚಂದ ಅದ ಬೇಟಾ. ಖರೇನೂ ಚಂದ ಅದ. ಆದ್ರ ಇದಕ್ಕ ಬಿದ್ರಿ ಅನಬ್ಯಾಡ" ಅಂದರು. ಅವರು ಸಿಟ್ಟಾಗಲಿಲ್ಲ. ಬಿದ್ರಿಗೆ 2006ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿದೆ. 2023ರಲ್ಲಿ ನಮ್ಮೂರಿನ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂತು. ಅಷ್ಟಾದರೂ ಮಾರುಕಟ್ಟೆಯಲ್ಲಿ ಕಪ್ಪು ಬಣ್ಣ ಹೊಡೆದ ಸಾಮಾನನ್ನು ಬಿದ್ರಿ ಅಂತ ಮಾರುತ್ತಲೇ ಇದ್ದಾರೆ. ಉಸ್ತಾದರ ಕಣ್ಣೆದುರಿಗೆ ನಾನೂ ಅದನ್ನೇ ಕಾಗದದ ಮೇಲೆ ಮಾಡಿದ್ದೆ. ನಿಜವಾದ ಬಿದ್ರಿಯಲ್ಲೇ ಮುಚ್ಚಳ ಮಾಡಿಸೋಣ ಅಂತ ತಮ್ಮ ಆಮೇಲೆ ಅಂದರು. ಸತುವಿನ ಸಾಮಾನು ಮದ್ಯಕ್ಕೆ ತಾಗಿಕೊಂಡಿರುವುದು ಒಳ್ಳೆಯದಲ್ಲ. ಅದೂ ಹೋಯಿತು.

ಒಂದು ತಿಂಗಳ ಕೆಲಸ ಕಸದ ಬುಟ್ಟಿಗೆ. ಬೇಜಾರು ಆಗಿಯೇ ಆಯಿತು. ಅಣ್ಣ, "ಒಮ್ಮಿ ಗಾಣಕ್ಕ ಬರ್ರಿ, ನಮ್ಮ ಕಾಕಾ ಅದಾರ" ಅಂದರು.

ಹೋಗಿದ್ದು ಡಿಸೆಂಬರಿನ ಒಂದು ಬೆಳಗಿನ ಜಾವ. ಕೊಪ್ಪರಿಗೆ ಕುದಿಯುತ್ತಿತ್ತು. ಒಲೆಗೆ ಒಣ ಸಿಪ್ಪೆ ತುರುಕುತ್ತಿದ್ದರು. ರಸಕ್ಕೆ ಸುಣ್ಣದ ನೀರು, ಜಜ್ಜಿದ ಬೆಂಡೆಗಿಡದ ಲೋಳೆ ಹಾಕುತ್ತಿದ್ದಂತೆ ಕೊಳೆಯೆಲ್ಲ ನೊರೆಯಾಗಿ ಮೇಲೆ ಬಂತು. ಕಾಕಾ ಉದ್ದ ಹಿಡಿಯ ಜಾಲರಿಯಲ್ಲಿ ಅದನ್ನು ತೆಗೆದು ತೆಗೆದು ಪಕ್ಕಕ್ಕೆ ಚೆಲ್ಲುತ್ತಿದ್ದರು. ಪಾಕ ಹದಕ್ಕೆ ಬಂತಾ ಅಂತ ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ ನೋಡಿದರು. ಆ ಬೆಲ್ಲ ಕಡು ಕಂದು. ಅಂಗಡಿಯಲ್ಲಿ ಕಾಣುವ ಹಳದಿ ಬೆಲ್ಲದ ಬಣ್ಣ ಬಹಳ ಸಲ ಹೈಡ್ರೋಸ್ ಅನ್ನುವ ರಾಸಾಯನಿಕ ಹಾಕಿ ತಂದದ್ದು. ಇವರು ಅದನ್ನು ಹಾಕುವುದಿಲ್ಲ. ಲೇಬಲಿನ ಬಣ್ಣ ಆಗಲೇ ತೀರ್ಮಾನವಾಯಿತು. ಚಿನ್ನದ್ದು ಬೇಡ. ಈ ಕಂದು ಸಾಕು. ಒಂದು ಚೂರು ಬೆಲ್ಲವನ್ನು ಕಾಗದದಲ್ಲಿ ಕಟ್ಟಿಕೊಂಡೆ, ಪ್ರೆಸ್ಸಿನಲ್ಲಿ ಶಾಯಿ ಹೊಂದಿಸಲು.

ಬೆಳಕಾದ ಮೇಲೆ ಕಾಕಾ ಹೊಲದಲ್ಲಿ ಒಂದು ಜಲ್ಲೆ ಕಡಿದು ಒಣ ಗರಿ, ಅಂದರೆ ರವದಿ, ಸುಲಿದು ಕೈಗೆ ಕೊಟ್ಟರು. ತಿನ್ನಲಿ ಅಂತ ಕೊಟ್ಟಿದ್ದು. ನಾನು ತಿರುಗಿಸಿ ನೋಡುತ್ತಿದ್ದೆ. ಅವರು ಹೆಬ್ಬೆರಳನ್ನು ಗೆಣ್ಣಿನಿಂದ ಗೆಣ್ಣಿಗೆ ಸರಿಸುತ್ತಾ, "ಇಲ್ಲಿ ನೋಡವ್ವ, ಇಲ್ಲಿ ಉದ್ದ ಅದ. ಆಗ ನೀರು ಚಲೋ ಇತ್ತು. ಇಲ್ಲಿ ನೋಡು, ಒಂದಕ್ಕೊಂದು ಹತ್ಯಾವ. ಮಳಿ ಹೋದ ತಿಂಗಳು ಇದು" ಅಂದರು. ಕಬ್ಬು ಬೆಳೆಯುವಾಗ ನೀರು ಸಾಲದೆ ಹೋದರೆ ಗೆಣ್ಣುಗಳ ನಡುವಿನ ಭಾಗ ಗಿಡ್ಡವಾಗುತ್ತದೆ. ಕಬ್ಬು ಬೆಳೆದವರಿಗೆಲ್ಲ ಇದು ಗೊತ್ತು. ನನಗೆ ಗೊತ್ತಿರಲಿಲ್ಲ. ಅಂದರೆ ಒಂದು ಜಲ್ಲೆಯಲ್ಲಿ ಆ ವರ್ಷದ ಮಳೆ ಪೂರ್ತಿ ಬರೆದಿರುತ್ತದೆ! ಕೋಟೆ, ಆನೆ ಅಂತ ನಾನು ಹುಡುಕಿದ್ದೇ ಹುಡುಕಿದ್ದು. ಲೇಬಲ್ ಹೊಲದಲ್ಲೇ ನಿಂತಿತ್ತು.

ಆ ಜಲ್ಲೆಯನ್ನು ಬಸ್ಸಿನಲ್ಲಿ ಹೆಗಲ ಮೇಲೆ ಹೊತ್ತು ಬೀದರಿಗೆ ತಂದೆ. ಟೇಪು ಹಿಡಿದು ಅಳೆದೆ. ಉದ್ದ 210 ಸೆಂ.ಮೀ., ಗೆಣ್ಣು 22. 15 ಪಟ್ಟು ಚಿಕ್ಕದು ಮಾಡಿದರೆ 14 ಸೆಂ.ಮೀ. ಎತ್ತರದ ಲೇಬಲ್ ಆಗುತ್ತದೆ. 750 ಮಿ.ಲೀ. ಬಾಟಲಿಯ ನೆಟ್ಟನೆಯ ಭಾಗಕ್ಕೆ ಸರಿಯಾಗಿ ಕೂತಿತು. 22 ಅಡ್ಡ ಗೆರೆ, ಅಷ್ಟೇ ಚಿತ್ರ. ಕೆಲವು ಗೆರೆಗಳ ನಡುವೆ 8 ಮಿ.ಮೀ., ಕಾಕಾ ತೋರಿಸಿದ ಜಾಗದಲ್ಲಿ 3 ಮಿ.ಮೀ. ಕೂಡ ಇಲ್ಲ. ಗೆರೆಗೆ ಶಾಯಿ ಹಾಕಲಿಲ್ಲ, ಉಬ್ಬು ಅಚ್ಚು ಮಾಡಿಸಿದೆ. ಬಾಟಲಿ ಹಿಡಿದವರ ಹೆಬ್ಬೆರಳಿಗೆ ಕಾಕಾನ ಹೆಬ್ಬೆರಳಿಗೆ ಸಿಕ್ಕಿದ್ದೇ ಸಿಗಲಿ ಅಂತ. ಬಾಟಲಿಯ ಗಾಜಿನಲ್ಲೇ ಗೆಣ್ಣು ತರಿಸುವ ಯೋಚನೆಯೂ ಇತ್ತು. ಆದರೆ ಸ್ವಂತ ಅಚ್ಚಿನ ಬಾಟಲಿಗೆ ಸಣ್ಣವರ ಕೈಗೆ ಎಟುಕದಷ್ಟು ದುಡ್ಡು ಬೇಕು. ಸಿದ್ಧ ಬಾಟಲಿಯನ್ನೇ ತೆಗೆದುಕೊಂಡೆವು.

ಪ್ರತಿ ಸುಗ್ಗಿಯಲ್ಲಿ ಹೊಸ ಜಲ್ಲೆ ಅಳೆದು ಲೇಬಲ್ ಬದಲಿಸೋಣ ಅಂತ ನಾನು ಹೇಳಿದಾಗ ಅಣ್ಣ ಹೆದರಿದರು. ಪ್ರತಿ ಸಲ ಅಬಕಾರಿ ಅನುಮತಿ ಬೇಕಲ್ಲ? ಬೇಕು. ಆದರೆ ಲೇಬಲ್ ಅನುಮತಿ ಹೇಗೂ ವರ್ಷಕ್ಕೊಮ್ಮೆ ಹೊಸದು ಮಾಡಿಸಬೇಕು. ಅಬಕಾರಿ ವರ್ಷ ಶುರುವಾಗುವುದೂ ಜುಲೈ 1ಕ್ಕೇ. ಸುಗ್ಗಿ ಮುಗಿದು ಅಳತೆ ತೆಗೆದು ಫೈಲ್ ಕೊಡಲು ಸಮಯ ಸಿಗುತ್ತದೆ.

ಹೆಸರಿಗೆ ಮಾತ್ರ ಸ್ವಲ್ಪ ಕಷ್ಟಪಟ್ಟೆವು. ನಮ್ಮ ಕಡೆ ಕಬ್ಬಿನ ತುಂಡಿಗೆ ಗಣಿಕಿ ಅಂತಲೂ ಅನ್ನುತ್ತಾರೆ. ತಮ್ಮನಿಗೆ ಅದೇ ಇಷ್ಟ. ಆದರೆ ಬೆಂಗಳೂರಿನಲ್ಲಿ ಯಾರಾದರೂ ಅದನ್ನು "ಗಣಿಕೆ" ಅಂತ ಓದಿದರೆ ಅರ್ಥವೇ ಬೇರೆ. ಸಾರಾಯಿ ಅನ್ನುವ ಪದ ಹಾಕುವಂತೆಯೇ ಇಲ್ಲ. "ಬೆಲ್ಲ" ಅನ್ನೋಣ ಅಂದರೆ ಬೆಂಗಳೂರಿನ ಅಮೃತ್ ಕಂಪನಿ ಆ ಹೆಸರಿನಲ್ಲೇ ಬೆಲ್ಲದ ರಮ್ ತಂದಿದೆ. ಕೊನೆಗೆ ಕಾಕಾನೇ ಉದ್ದಕ್ಕೂ ಹೇಳುತ್ತಿದ್ದ ಪದ ಉಳಿಯಿತು: ಗೆಣ್ಣು. ಬೆರಳಿನದೂ ಗೆಣ್ಣೇ, ಕಬ್ಬಿನದೂ ಗೆಣ್ಣೇ.

ಈ ಎರಡಕ್ಷರದ ಹೊಟ್ಟೆಯೊಳಗೆ ಕೆಲಸ ಬಹಳ ಇತ್ತು. "ಣ್ಣು" ನೋಡಿ. ಕೆಳಗೆ ಣ ಒತ್ತು, ಪಕ್ಕಕ್ಕೆ ಉಕಾರದ ಕೊಂಬು. ಇಂಗ್ಲಿಷ್ ಅಕ್ಷರಕ್ಕೆ ಅಂತ ಬಿಟ್ಟ ಜಾಗದಲ್ಲಿ ಕನ್ನಡ ಬರೆದರೆ ಒತ್ತು ಕೆಳಗಿನ ಸಾಲಿನ ತಲೆಗೆ ತಾಗುತ್ತದೆ. ಅದಕ್ಕೇ ಬಹಳ ಲೇಬಲುಗಳಲ್ಲಿ ಕನ್ನಡವನ್ನು ಕುಗ್ಗಿಸಿ ಮೂಲೆಗೆ ತಳ್ಳಿರುತ್ತಾರೆ. ನಾನು ಉಲ್ಟಾ ಮಾಡಿದೆ. ಮೊದಲು ಒತ್ತಿಗೆ ಜಾಗ ಬಿಟ್ಟು, ಆಮೇಲೆ ಉಳಿದದ್ದು. ಫಾಂಟ್ ಬಳಸದೆ ಬೋರು ಕಡ್ಡಿಯನ್ನು ಶಾಯಿಯಲ್ಲಿ ಅದ್ದಿ ಕೈಯಿಂದಲೇ ಬರೆದೆ, ನಲವತ್ತು ಸಲವಾದರೂ. ಗೆ ಅಕ್ಷರದ ಎತ್ವ ಕಬ್ಬಿನ ಗರಿಯಂತೆ ಬಾಗಿದ ಒಂದು ಸಲದ್ದನ್ನು ಇಟ್ಟುಕೊಂಡೆ.

ಹೆಸರನ್ನು ಹೀಗೆ ಉಳಿಸಿಕೊಂಡೆ, ಆದರೆ ಬಾಟಲಿಯ ಹಿಂಬದಿಯ ಲೇಬಲಿನಲ್ಲಿ ಎಡವಿದೆ. ಅಲ್ಲಿಯ ಕನ್ನಡವನ್ನು ಟೈಪ್ ಮಾಡಿ ಹಾಗೇ ಕಳಿಸಿದ್ದೆ. ಬೇರೆ ಊರಿನ ಒಂದು ಪ್ರೆಸ್ಸಿನಲ್ಲಿ ಹಳೆಯ ಸಾಫ್ಟ್‌ವೇರಿನಲ್ಲಿ ಫೈಲ್ ತೆರೆದರು. ಒತ್ತುಗಳೆಲ್ಲ ಕಳಚಿ ಪಕ್ಕಕ್ಕೆ ಬಿದ್ದವು. ಯಾರೂ ನೋಡದೆ ಮುನ್ನೂರು ಹಾಳೆ ಅಚ್ಚಾಯಿತು. ಕನ್ನಡ ಓದಲು ಬರುವ ಒಬ್ಬರು ಯಂತ್ರದ ಹತ್ತಿರ ಇದ್ದಿದ್ದರೆ ನಿಲ್ಲಿಸುತ್ತಿದ್ದರು. ಅಂದಿನಿಂದ ಅಕ್ಷರಗಳನ್ನೆಲ್ಲ ಔಟ್‌ಲೈನ್, ಅಂದರೆ ಫಾಂಟ್ ಬೇಡದ ಚಿತ್ರ, ಮಾಡದೆ ಯಾವ ಫೈಲನ್ನೂ ಕಳಿಸುವುದಿಲ್ಲ. ಜೊತೆಗೆ ಸರಿಯಾದ ಪುಟದ ಫೋಟೊ ಇಡುತ್ತೇನೆ. ನೀವೂ ಹಾಗೆ ಮಾಡಿ.

ಹಿಂಬದಿಯ ಲೇಬಲಿನ ಮಾತು ಬಂತು ಅಂತ ಹೇಳುತ್ತೇನೆ. ಮದ್ಯಕ್ಕೆ ಟಿವಿಯಲ್ಲಿ ಜಾಹೀರಾತು ಕೊಡುವಂತಿಲ್ಲ, ಹಾಗಾಗಿ ಎಲ್ಲರೂ ಬಾಟಲಿಯ ಮೈಮೇಲೇ ಎಲ್ಲಾ ಹೇಳಲು ಹೋಗುತ್ತಾರೆ. ತಮ್ಮನಿಗೆ "ಬೆಲ್ಲದ್ದು, ಕಬ್ಬಿಣಾಂಶ ಇದೆ" ಅಂತ ಬರೆಸುವ ಆಸೆ. ಆರೋಗ್ಯದ ಬಗ್ಗೆ ಯಾವ ಮಾತನ್ನೂ ಮದ್ಯದ ಲೇಬಲಿನಲ್ಲಿ ಹೇಳುವಂತಿಲ್ಲ. ಹೇಳಿದರೂ ಸುಳ್ಳೇ. ಭಟ್ಟಿಯಲ್ಲಿ ಆವಿಯಾಗಿ ಬರುವುದು ಮದ್ಯಸಾರ, ನೀರು, ಪರಿಮಳ. ಬೆಲ್ಲದ ಕಬ್ಬಿಣ ಹಂಡೆಯಲ್ಲೇ ಉಳಿಯುತ್ತದೆ. ಕಾನೂನಿನ ಲೆಕ್ಕದಲ್ಲಿ ಇದು ರಮ್, 42.8 ಶೇಕಡಾ ಮದ್ಯಸಾರ. ಅದನ್ನೇ ಮುಂದೆ ಬರೆದೆವು. ಎಚ್ಚರಿಕೆಯ ಸಾಲಿನ ಅಕ್ಷರ ಈ ಅಳತೆಯ ಬಾಟಲಿಗೆ 3 ಮಿ.ಮೀ.ಗಿಂತ ಚಿಕ್ಕದಿರಬಾರದು. ಇಂಗ್ಲಿಷಿನದರ ಜೊತೆ ಕನ್ನಡದಲ್ಲೂ ಹಾಕಿದೆ, ಅಷ್ಟೇ ದೊಡ್ಡದಾಗಿ, ಮೇಲ್ಗಡೆಯೇ. ಕುಡಿಯುವವರ ಮನೆಯಲ್ಲಿ ಇಂಗ್ಲಿಷ್ ಬಾರದವರೂ ಇರುತ್ತಾರೆ.

ಕಾಗದದ ಪಾಠವೂ ಆಯಿತು. ಕಬ್ಬಿನ ಸಿಪ್ಪೆಯಿಂದ ಮಾಡಿದ ಕಾಗದದಲ್ಲೇ ಲೇಬಲ್ ಆಗಲಿ ಅಂತ ಹಟ ಹಿಡಿದೆ. ಐಸ್ ಬಕೆಟ್ಟಿನಲ್ಲಿ ರಾತ್ರಿಯಿಡೀ ಇಟ್ಟು ನೋಡಿದರೆ ಬೆಳಿಗ್ಗೆ ಉಬ್ಬು ಗೆರೆ ಎಲ್ಲ ಚಪ್ಪಟೆ, ಅಂಚು ಎದ್ದಿತ್ತು. ಲೇಬಲಿಗೆ ನೀರು ತಡೆಯುವ ಕಾಗದ ತಂದು, ಸಿಪ್ಪೆಯ ರಟ್ಟನ್ನು ಪೆಟ್ಟಿಗೆಗೆ ಬಳಸಿದೆವು. ಕುತ್ತಿಗೆಗೆ ಅಂತ ಮಾಡಿದ ಚಂದದ ಪಟ್ಟಿಯನ್ನೂ ಕೈಬಿಟ್ಟೆ. ಅಬಕಾರಿ ಸ್ಟಿಕ್ಕರ್ ಬರುವುದು ಅಲ್ಲೇ, ಮುಚ್ಚಳದ ಮೇಲೆ. ಅದನ್ನು ನೋಡಿಯೇ ಜನ ಇದು ಕಳ್ಳ ಮಾಲಲ್ಲ ಅಂತ ತಿಳಿಯುವುದು. ಅದಕ್ಕೆ ಅಡ್ಡ ಯಾವುದೂ ಬೇಡ.

ಎಲ್ಲಾ ಮುಗಿಯಿತು ಅನ್ನುವಾಗ ಅಣ್ಣ ಮೆಲ್ಲಗೆ, "90 ಮಿ.ಲೀ. ಪ್ಯಾಕೆಟ್ಟಿಂದೂ ಒಂದು ಮಾಡಿಕೊಡ್ರಿ, ಓಡೋದು ಅದೇ" ಅಂದರು. ವ್ಯಾಪಾರದ ದೃಷ್ಟಿಯಿಂದ ಅವರ ಮಾತು ಸರಿ. ನಾನು ಆಗಲ್ಲ ಅಂದೆ. ದಿನಗೂಲಿ ಕೈಗೆ ಬಂದ ಸಂಜೆ ಜೇಬಿಗೆ ಹೋಗುವ ಅಳತೆ ಅದು. ಆಯಿ ಹೇಳುವ ಮನೆಗಳಲ್ಲಿ ಹೊಸ ಕಾಲದ ಗುಡುಂಬಾ ಅಂದರೆ ಅದೇ. ಬೇರೆ ಯಾರ ಹತ್ತಿರವಾದರೂ ಮಾಡಿಸಿಕೊಳ್ಳಿ, ಆದರೆ ಈ ಗೆರೆಗಳನ್ನು ಅದರ ಮೇಲೆ ಹಾಕಬೇಡಿ ಅಂತ ಕೇಳಿಕೊಂಡೆ. ಅವರು ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಚಹಾ ಕುಡಿದು ಹೋದರು. ಎರಡು ವಾರ ಫೋನಿಲ್ಲ. ಆಮೇಲೆ ಒಂದು ದಿನ, "ಸದ್ಯ ದೊಡ್ಡದಷ್ಟೇ ಇರಲಿ ಅಕ್ಕಾರ" ಅಂದರು.

ಮಾದರಿ ಬಾಟಲಿಯನ್ನು, ಒಳಗೆ ನೀರು ತುಂಬಿ, ಆಯಿಗೆ ತೋರಿಸಿದೆ. ಅವಳು ಮೂಸಿ ನೋಡಿದಳು. ಆಮೇಲೆ ಕನ್ನಡಕ ಹಾಕಿಕೊಂಡು ಹಿಂಬದಿಯ ಎಚ್ಚರಿಕೆಯನ್ನು ಕೂಡಿಸಿ ಕೂಡಿಸಿ ಓದಿದಳು. "ಇಷ್ಟು ದೊಡ್ಡದಾಗಿ ಬರದೀ, ಚಲೋ ಆತು" ಅಂದಳು. ಮುಂಬದಿಯ ಲೇಬಲಿನ ಬಗ್ಗೆ ಏನೂ ಹೇಳಲಿಲ್ಲ. ಬೆರಳು ಮಾತ್ರ ಗೆರೆಗಳ ಮೇಲೆ ಓಡಾಡುತ್ತಿತ್ತು.

ಅನುಮತಿಯ ಫೈಲ್ ಹೋಗಿದೆ. ಮೊನ್ನೆ ಕಾಕಾ ಬಸ್ಸಿನಲ್ಲಿ ಈ ಸುಗ್ಗಿಯ ಜಲ್ಲೆ ಕಳಿಸಿದ್ದಾರೆ, ರವದಿ ಸಮೇತ. 24 ಗೆಣ್ಣು. ಬುಡದಿಂದ ಒಂಬತ್ತನೆಯದರ ಮೇಲೆ ನಾಲ್ಕು ತೀರಾ ಹತ್ತಿರ ಹತ್ತಿರ ಇವೆ. ಟೇಪು ಹುಡುಕುತ್ತಿದ್ದೇನೆ.